ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಕಪ್ಪು-ಬಿಳುಪು ಚಿತ್ರ ಮುದ್ರಿಸುವ ಬಗೆ

ಬಣ್ಣದ ಚಿತ್ರವನ್ನು ಚೆನ್ನಾಗಿ ಮುದ್ರಿಸುವ ಪ್ರಿಂಟರು ಕಪ್ಪು-ಬಿಳುಪು ಚಿತ್ರವನ್ನು ಇನ್ನೂ ಸಲೀಸಾಗಿ ಮುದ್ರಿಸೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಕೈಹಾಕಿದವರ ಅನುಭವ ಮಾತ್ರ ಇದಕ್ಕೆ ತದ್ವಿರುದ್ಧವಾದದ್ದು. ಬಣ್ಣದ ಚಿತ್ರದಲ್ಲಿ ಸೀರೆಯ ಕೆಂಪು ತುಸು ಆಚೀಚೆಯಾದರೆ ಯಾರೂ ಗಮನಿಸುವುದಿಲ್ಲ. ಕಪ್ಪು-ಬಿಳುಪಿನಲ್ಲಾದರೆ ಬೂದುಬಣ್ಣಕ್ಕೆ ಒಂದಿಷ್ಟು ಹಸಿರೋ ನೇರಳೆಯೋ ಬೆರೆತರೂ ಇಡೀ ಹಾಳೆ ಬಾಡಿದಂತೆ ಕಾಣುತ್ತದೆ, ನೆರಳಿನ ಭಾಗ ಮಸಿ ಬಳಿದಂತೆ ಮುಚ್ಚಿಹೋದರೆ ಅರ್ಧ ಚಿತ್ರವೇ ಕಾಣೆಯಾಗುತ್ತದೆ. ಬೂದುಬಣ್ಣಕ್ಕೆ ತಗಲುವ ಈ ಸೋಂಕನ್ನೂ ಮುಚ್ಚಿಹೋಗುವ ನೆರಳನ್ನೂ ದುಬಾರಿ ಪ್ರಿಂಟರಿಲ್ಲದೆಯೇ ಬಹುಮಟ್ಟಿಗೆ ನೀಗಿಕೊಳ್ಳಬಹುದು. ಪೂರ್ತಿ ಹಾಳೆಯನ್ನು ಪ್ರಿಂಟರಿಗೆ ಕೊಡುವ ಮೊದಲು ಒಂದು ಸಣ್ಣ ತುಂಡಿನ ಮೇಲೆ ಪರೀಕ್ಷಿಸುವ ತಾಳ್ಮೆಯಿದ್ದರೆ ಕೆಲಸ ಮುಕ್ಕಾಲು ಪಾಲು ಮುಗಿದಂತೆಯೇ.

ವಿವರಣೆಗೆ ಅನುಕೂಲವಾಗಲೆಂದು ಈ ಬರಹದುದ್ದಕ್ಕೂ ನಾನು ಒಂದೇ ಚಿತ್ರವನ್ನು ಉದಾಹರಣೆಯಾಗಿ ಬಳಸುತ್ತೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಊರಮನೆಯ ಜಗಲಿಯಲ್ಲಿ ನನ್ನ ಸೋದರತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿರುವ ಚಿತ್ರವದು. ಅವರು ಉಟ್ಟದ್ದು ತೊಳೆದು ತೊಳೆದು ಬಿಳುಚಿದ ತಿಳಿಬಣ್ಣದ ಹತ್ತಿ ಸೀರೆ. ಬೆನ್ನ ಹಿಂದೆ ಹೊಗೆ ಹಿಡಿದು ಕಪ್ಪಾದ ಹಲಸಿನ ಮರದ ಬಾಗಿಲು. ಹಣೆಯಲ್ಲಿ ಕಾಸಗಲದ ಕುಂಕುಮ. ಬಿಳಿಯ ಮಡಿಕೆಗಳು ಅಳಿಯಬಾರದು, ಬಾಗಿಲಿನ ಕೆತ್ತನೆ ಮುಚ್ಚಬಾರದು, ಮುಖ ಸಹಜವಾಗಿರಬೇಕು ಎಂಬ ಮೂರು ಬೇಡಿಕೆಗಳೂ ಒಂದೇ ಚೌಕಟ್ಟಿನೊಳಗೆ ಇರುವುದರಿಂದ ಮುದ್ರಣ ಕಲಿಯುವವರಿಗೆ ಇಂಥ ಚಿತ್ರ ಬಹಳ ಒಳ್ಳೆಯದು. ನೀವೂ ಹಾಗೆಯೇ ಒಂದು ಚಿತ್ರವನ್ನು ಆರಿಸಿಕೊಂಡು, ಅದು ಸರಿಯಾಗಿ ಬರುವವರೆಗೆ ಬೇರೆಯದನ್ನು ಮುಟ್ಟಬೇಡಿ.

ಪ್ರಿಂಟರು ಬೂದುಬಣ್ಣ ಮಾಡುವುದು ಹೇಗೆ

ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿರುತ್ತವೆ. ಬೂದು ಎಂಬ ಶಾಯಿ ಇರುವುದಿಲ್ಲ. ಆದ್ದರಿಂದ ಅದು ಬೂದುಬಣ್ಣವನ್ನು ಎರಡೇ ರೀತಿಯಲ್ಲಿ ಮಾಡಬಲ್ಲದು. ಒಂದು, ಕಪ್ಪು ಚುಕ್ಕೆಗಳನ್ನೇ ವಿರಳವಾಗಿ ಸಿಂಪಡಿಸುವುದು. ಇದರಲ್ಲಿ ಬಣ್ಣದ ಸೋಂಕು ತಗಲುವುದಿಲ್ಲ, ಆದರೆ ಕೆನ್ನೆಯಂಥ ತಿಳಿಯಾದ ಭಾಗಗಳಲ್ಲಿ ಚುಕ್ಕೆಗಳು ಮರಳಿನಂತೆ ಎದ್ದು ಕಾಣುತ್ತವೆ. ಇನ್ನೊಂದು, ಮೂರು ಬಣ್ಣದ ಶಾಯಿಗಳನ್ನು ಸಮತೂಕದಲ್ಲಿ ಬೆರೆಸುವುದು. ಇದು ನುಣುಪಾಗಿರುತ್ತದೆ, ಆದರೆ ತೂಕ ಎಲ್ಲಿಯಾದರೂ ಸ್ವಲ್ಪ ತಪ್ಪಿದರೆ ಮುಖ ಹಸಿರಾಗಿಯೋ ನೇರಳೆಯಾಗಿಯೋ ಬರುತ್ತದೆ. ಇದಲ್ಲದೆ, ಮೂರು ಬಣ್ಣ ಬೆರೆಸಿ ಮಾಡಿದ ಬೂದುಬಣ್ಣವು ಬೇರೆ ಬೇರೆ ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ನಾನು ಮೊದಲ ಬಾರಿ ಅತ್ತೆಯ ಚಿತ್ರವನ್ನು ಮುದ್ರಿಸಿದಾಗ ರಾತ್ರಿ ಟ್ಯೂಬ್‌ಲೈಟಿನಡಿ ಅದು ಅಚ್ಚುಕಟ್ಟಾದ ಕಪ್ಪು-ಬಿಳುಪೇ ಆಗಿತ್ತು. ಬೆಳಿಗ್ಗೆ ಜಗಲಿಗೆ ತಂದು ನೋಡಿದರೆ ಸೀರೆಗೆ ನೇರಳೆಯ ನೀಲಿ ಹಾಕಿ ಹಿಂಡಿದಂತಿತ್ತು.

ಹೊಸದಾಗಿ ಪ್ರಿಂಟರು ಕೊಳ್ಳುವವರು ಈ ಕಾರಣಕ್ಕಾಗಿಯೇ ಶಾಯಿಗಳ ಪಟ್ಟಿಯಲ್ಲಿ ಬೂದು ಇದೆಯೇ ಎಂದು ನೋಡಬೇಕು. ಇಂಕ್ ಟ್ಯಾಂಕ್ ಮಾದರಿಗಳಲ್ಲಿ ಎಪ್ಸನ್ ಎಲ್8180 ಮತ್ತು ಕ್ಯಾನನ್ ಜಿ570 ಎರಡರಲ್ಲೂ ಆರು ಶಾಯಿಗಳಿದ್ದು, ಅವುಗಳಲ್ಲಿ ಒಂದು ಬೂದು. ಎಪ್ಸನ್ ಎಲ್8050ರಲ್ಲೂ ಆರು ಶಾಯಿಗಳಿವೆ, ಆದರೆ ಅಲ್ಲಿ ಹೆಚ್ಚುವರಿಯಾಗಿರುವುದು ತಿಳಿ ಸಯಾನ್ ಮತ್ತು ತಿಳಿ ಮಜೆಂಟಾ. ಬಣ್ಣದ ಚಿತ್ರಕ್ಕೆ ಅದು ಸೊಗಸು, ಬೂದುಬಣ್ಣಕ್ಕೆ ಅಷ್ಟೇನೂ ನೆರವಾಗದು. ಇನ್ನೂ ಮೇಲಿನ ಹಂತದ ಎಪ್ಸನ್ ಪಿ700, ಪಿ900, ಕ್ಯಾನನ್ ಪ್ರೊ-300 ಇವು ಹತ್ತು ಪಿಗ್ಮೆಂಟ್ ಶಾಯಿಗಳ, ಅಂದರೆ ದ್ರವದಲ್ಲಿ ಕರಗದ ಸೂಕ್ಷ್ಮ ಬಣ್ಣದ ಕಣಗಳಿರುವ ಶಾಯಿಗಳ, ಯಂತ್ರಗಳು. ಎಪ್ಸನ್ನಿನ ಆ ಎರಡು ಮಾದರಿಗಳಲ್ಲಿ ಬೂದು, ತಿಳಿಬೂದು ಎರಡೂ ಇರುವುದರಿಂದ ಬೂದುಬಣ್ಣದ ಬಹುಪಾಲು ಅವುಗಳಿಂದಲೇ ಮೂಡುತ್ತದೆ, ಬಣ್ಣದ ಶಾಯಿ ಬೀಳುವುದು ಒಗ್ಗರಣೆಯಷ್ಟೇ. ವರ್ಷಕ್ಕೆ ನಾಲ್ಕಾರು ಚಿತ್ರ ಮುದ್ರಿಸುವವರಿಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಬಳಸದೆ ಬಿಟ್ಟರೆ ಹತ್ತು ಶಾಯಿಗಳೂ ಒಣಗತೊಡಗುತ್ತವೆ, ಅವನ್ನು ಶುಚಿಮಾಡಲು ಖರ್ಚಾಗುವ ಶಾಯಿ ಮುದ್ರಣಕ್ಕೆ ಹೋಗುವುದಕ್ಕಿಂತ ಹೆಚ್ಚಾದೀತು.

ಮನೆಯಲ್ಲಿ ಈಗಾಗಲೇ ಇರುವುದು ನಾಲ್ಕು ಶಾಯಿಯ ಯಂತ್ರವೇ ಆದರೆ ಒಂದು ಸಂಗತಿಯನ್ನು ತಿಳಿದಿರಬೇಕು. ಇಂಥ ಅನೇಕ ಮಾದರಿಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರು ಡೈ, ಅಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಕಪ್ಪು ಹೊಳಪಿನ ಕಾಗದಕ್ಕೆ ಅಂಟಿಕೊಳ್ಳುವುದಿಲ್ಲವಾದ್ದರಿಂದ, ಗ್ಲಾಸಿ ಕಾಗದವೆಂದು ಆಯ್ಕೆ ಮಾಡಿದ ಕೂಡಲೇ ಯಂತ್ರ ಕಪ್ಪು ಶಾಯಿಯನ್ನು ಬದಿಗಿಟ್ಟು ಮೂರು ಬಣ್ಣಗಳಿಂದಲೇ ಕಪ್ಪನ್ನೂ ಮಾಡುತ್ತದೆ. ಆ ಕಪ್ಪು ಕಂದುಗಪ್ಪಾಗಿರುತ್ತದೆ. ಅಂಥ ಪ್ರಿಂಟರಿನಲ್ಲಿ ಹೊಳಪಿಲ್ಲದ ಮ್ಯಾಟ್ ಕಾಗದವನ್ನು ಬಳಸುವುದೇ ಜಾಣತನ.

ಕಾಗದ

ಕಾಗದದ ವಿಷಯದಲ್ಲಿ ಹೊಳಪು ಬೇಕೋ ಬೇಡವೋ ಎಂಬುದು ಬರೀ ರುಚಿಯ ಪ್ರಶ್ನೆಯೆಂದು ತೋರಬಹುದು, ಆದರೆ ಅದರಲ್ಲಿ ಲೆಕ್ಕವೂ ಅಡಗಿದೆ. ಮ್ಯಾಟ್ ಕಾಗದದ ಮೇಲೆ ಬರುವ ಅತಿ ಗಾಢ ಕಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 2 ಭಾಗವನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಲಸ್ಟರ್ ಅಥವಾ ಬರೈಟಾದಂಥ ಹೊಳಪಿನ ಕಾಗದದಲ್ಲಿ ಅದು ನೂರಕ್ಕೆ ಬರೀ 0.5 ಭಾಗಕ್ಕೆ ಇಳಿಯುತ್ತದೆ. ಕಾಗದದ ಬಿಳಿ ನೂರಕ್ಕೆ 90ರಷ್ಟು ಬೆಳಕನ್ನು ಮರಳಿಸುವುದೆಂದು ಹಿಡಿದರೆ ಮ್ಯಾಟ್‌ನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ 45 ಪಟ್ಟು, ಬರೈಟಾದಲ್ಲಿ 180 ಪಟ್ಟು. ನಮ್ಮ ಕಂಪ್ಯೂಟರಿನ ಪರದೆಯಲ್ಲಿ ಈ ಅಂತರ 1000 ಪಟ್ಟಿನಷ್ಟಿರುತ್ತದೆ. ಪರದೆಯಲ್ಲಿ ಬಾಗಿಲಿನ ಕೆತ್ತನೆ ಎಳೆ ಎಳೆಯಾಗಿ ಕಂಡು ಕಾಗದದಲ್ಲಿ ಕಪ್ಪು ಹಲಗೆಯಾಗಿ ಬರುವುದಕ್ಕೆ ಕಾರಣ ಇದೇ. ಆ ಸಾವಿರವನ್ನು ಈ ನಲವತ್ತೈದರೊಳಗೆ ಕೂರಿಸುವ ಕೆಲಸ ಮುದ್ರಿಸುವವನದ್ದು, ಪ್ರಿಂಟರಿನದ್ದಲ್ಲ.

ಹಾಗೆಂದು ಹೊಳಪಿನ ಕಾಗದವೇ ಮೇಲು ಎಂದೇನೂ ಅಲ್ಲ. ಗ್ಲಾಸಿ ಹಾಳೆಯಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿ ಚಿತ್ರ ಕಾಣುವುದೇ ಕಷ್ಟವಾಗುತ್ತದೆ. ಬೆರಳಿನ ಗುರುತು ಒಮ್ಮೆ ಬಿದ್ದರೆ ಹೋಗುವುದಿಲ್ಲ. ಅತ್ತೆಯ ಚಿತ್ರಕ್ಕೆ ನಾನು ಕೊನೆಗೆ ಆರಿಸಿದ್ದು ಮ್ಯಾಟ್ ಕಾಗದವನ್ನು. ಹತ್ತಿ ಸೀರೆಯ ಒರಟುತನ ಅದರಲ್ಲಿ ಕೈಗೆ ಸಿಗುವಂತೆ ಕಾಣುತ್ತದೆ. ಹತ್ತಿಯಿಂದಲೇ ಮಾಡಿದ ಕಾಗದಗಳೂ ಸಿಗುತ್ತವೆ. 1584ರಿಂದ ಕಾಗದ ಮಾಡುತ್ತಿರುವ ಜರ್ಮನಿಯ ಹಾನೆಮ್ಯೂಲೆ ಗಿರಣಿಯ ಫೋಟೋ ರ‍್ಯಾಗ್ 308 ಜಿಎಸ್‌ಎಂ ಕಾಗದ ಈ ವರ್ಗದಲ್ಲಿ ಹೆಸರಾದದ್ದು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ). ಆದರೆ ಅಷ್ಟು ದಪ್ಪದ ಹಾಳೆಯನ್ನು ನಿಮ್ಮ ಯಂತ್ರ ಎಳೆದುಕೊಳ್ಳುವುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಹಣ ತೆರಬೇಕು. ಕಲಿಯುವ ಹಂತದಲ್ಲಿ ಸುಮಾರು 180ರಿಂದ 230 ಜಿಎಸ್‌ಎಂನ ಸಾದಾ ಮ್ಯಾಟ್ ಫೋಟೋ ಪೇಪರ್ ಧಾರಾಳವಾಗಿ ಸಾಕು. ಯಾವುದನ್ನೇ ಕೊಂಡರೂ ಒಂದೇ ಬಗೆಯ ಕಾಗದಕ್ಕೆ ಅಂಟಿಕೊಳ್ಳಿ. ಪ್ರತಿ ಸಲ ಸಿಕ್ಕಿದ ಕಾಗದ ತಂದರೆ ಪ್ರತಿ ಸಲವೂ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ತೀರಾ ಬೆಳ್ಳಗೆ, ನೀಲಿ ಮಿಶ್ರಿತವಾಗಿ ಹೊಳೆಯುವ ಕಾಗದಗಳಲ್ಲಿ ಬಟ್ಟೆಸೋಪಿನ ಪುಡಿಯಲ್ಲಿರುವಂಥ ಹೊಳಪುಕಾರಕಗಳಿರುತ್ತವೆ. ಹಗಲಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ, ವರ್ಷಗಳು ಕಳೆದಂತೆ ಆ ಗುಣ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಮನೆಯಲ್ಲಿ ಬಹುಕಾಲ ಇರಬೇಕಾದ ಚಿತ್ರಕ್ಕೆ ಸಹಜ ಬಿಳುಪಿನ ಕಾಗದವನ್ನೇ ಆರಿಸುವುದು ಒಳ್ಳೆಯದು.

ಚಿತ್ರವನ್ನು ಸಿದ್ಧಪಡಿಸುವುದು

ಚಿತ್ರ ಬಣ್ಣದಲ್ಲಿದ್ದರೆ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸುವ ಹಂತದಲ್ಲಿಯೇ ಮುದ್ರಣದ ಅರ್ಧ ಗುಣ ನಿರ್ಧಾರವಾಗುತ್ತದೆ. ಮೊಬೈಲಿನ ಫಿಲ್ಟರನ್ನು ಒತ್ತಿ ಬಣ್ಣ ತೆಗೆದುಬಿಡುವುದು ಸುಲಭ, ಆದರೆ ಯಾವ ಬಣ್ಣ ಎಷ್ಟು ಕಪ್ಪಾಗಬೇಕು ಎಂಬ ತೀರ್ಮಾನವನ್ನು ಆಗ ನೀವು ಬೇರೆಯವರಿಗೆ ಒಪ್ಪಿಸಿದಂತಾಗುತ್ತದೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಮೋನೋ ಮಿಕ್ಸರ್ ಎಂಬ ಉಪಕರಣವಿದೆ. ಫೋಟೋಶಾಪ್‌ನಲ್ಲಿ ಚಾನೆಲ್ ಮಿಕ್ಸರ್ ಎಂಬುದು ಅದೇ ಕೆಲಸಕ್ಕಿದೆ, ಅದರಲ್ಲಿ ಮೊನೊಕ್ರೋಮ್ ಗುರುತನ್ನು ಒತ್ತಬೇಕು ಅಷ್ಟೇ. ಬಣ್ಣದ ಚಿತ್ರದೊಳಗೆ ಅಡಗಿರುವ ಕೆಂಪು, ಹಸಿರು, ನೀಲಿ ಈ ಮೂರು ಪದರಗಳಿಂದ ಎಷ್ಟೆಷ್ಟು ಪಾಲು ತೆಗೆದುಕೊಳ್ಳಬೇಕೆಂದು ಅಲ್ಲಿ ನಾವೇ ಹೇಳಬಹುದು.

ಅತ್ತೆಯ ಹಣೆಯ ಕುಂಕುಮದಿಂದ ನಾನು ಈ ಪಾಠವನ್ನು ಕಲಿತೆ. ನಮ್ಮವರ ಮೈಬಣ್ಣದಲ್ಲಿ ಕೆಂಪಿನ ಅಂಶ ಹೆಚ್ಚಾಗಿರುವುದರಿಂದ ಕೆಂಪು ಪದರದಲ್ಲಿ ಮುಖ ತಿಳಿಯಾಗಿ, ನುಣುಪಾಗಿ, ಸುಕ್ಕುಗಳೆಲ್ಲ ಮರೆಯಾದಂತೆ ಕಾಣುತ್ತದೆ; ಅದನ್ನು ನೋಡಿ ಹಿಗ್ಗಿ ಕೆಂಪಿಗೆ ನೂರಕ್ಕೆ ನೂರು ಕೊಟ್ಟೆ. ಮುದ್ರಿಸಿದ ಹಾಳೆಯನ್ನು ಅತ್ತೆಯ ಕೈಗಿತ್ತಾಗ ಅವರು ಮೊದಲು ಕೇಳಿದ್ದು, "ಕುಂಕುಮ ಎಲ್ಲಿ ಹೋಯ್ತೋ?" ಎಂದು. ಕುಂಕುಮವೂ ಕೆಂಪೇ ಆದ್ದರಿಂದ ಕೆಂಪು ಪದರದಲ್ಲಿ ಅದು ಮೈಬಣ್ಣದೊಳಗೆ ಕರಗಿಹೋಗಿತ್ತು. ಹಸಿರು ಪದರದಲ್ಲಿ ಅದೇ ಕುಂಕುಮ ಅಚ್ಚಗಪ್ಪಾಗಿ ನಿಲ್ಲುತ್ತದೆ, ಜೊತೆಗೆ ಮುಖದ ಗೆರೆಗಳೂ ಸಹಜವಾಗಿ ಮೂಡುತ್ತವೆ. ನೀಲಿ ಪದರದಲ್ಲಿ ಮುಖ ಕಪ್ಪಿಟ್ಟು, ಚರ್ಮದ ಕಲೆಗಳೆಲ್ಲ ಎದ್ದು ಕಾಣುತ್ತವೆ. ಕ್ಯಾಮೆರಾದ ಒರಟು ಚುಕ್ಕೆಗಳು ಹೆಚ್ಚಾಗಿರುವುದೂ ಆ ಪದರದಲ್ಲಿಯೇ. ಕೊನೆಗೆ ಕೆಂಪು 35, ಹಸಿರು 55, ನೀಲಿ 10 ಎಂಬ ಮಿಶ್ರಣ ಆ ಚಿತ್ರಕ್ಕೆ ಒಗ್ಗಿತು. ಮೂರೂ ಸೇರಿ 100 ಆಗುವಂತೆ ನೋಡಿಕೊಂಡರೆ ಚಿತ್ರದ ಒಟ್ಟು ಬೆಳಕು ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಹಳೆಯ ಸ್ಟುಡಿಯೋ ಚಿತ್ರಗಳಲ್ಲಿ ಅಜ್ಜಿಯರ ಕುಂಕುಮ ಇದ್ದಿಲಿನಷ್ಟು ಕಪ್ಪಾಗಿ ಕಾಣುವುದನ್ನು ಗಮನಿಸಿರಬಹುದು. ಆರ್ಥೋಕ್ರೊಮ್ಯಾಟಿಕ್ ಎಂಬ ಹಿಂದಿನ ಕಾಲದ ಫಿಲ್ಮುಗಳಿಗೂ ಪ್ಲೇಟುಗಳಿಗೂ ಕೆಂಪು ಬಣ್ಣ ತಟ್ಟುತ್ತಲೇ ಇರಲಿಲ್ಲ.

ಅಂಥ ಹಳೆಯ ಚಿತ್ರವನ್ನೇ ಸ್ಕ್ಯಾನ್ ಮಾಡಿ ಮುದ್ರಿಸುವವರಿಗೆ ಇದೇ ಉಪಾಯ ತಿರುಗುಮುರುಗಾಗಿ ನೆರವಾಗುತ್ತದೆ. ಹಳದಿಯಾದ ಚಿತ್ರವನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ ಕೆಂಪು ಪದರವನ್ನು ಮಾತ್ರ ಉಳಿಸಿಕೊಂಡರೆ ಹಳದಿ ಕಲೆಗಳು ಬಹುಪಾಲು ಮಾಯವಾಗುತ್ತವೆ.

ಗಾತ್ರದ ವಿಷಯವನ್ನು ಬೇಗ ಮುಗಿಸಬಹುದು. ಎ4 ಹಾಳೆಯಲ್ಲಿ ಸುತ್ತ ಅಂಚು ಬಿಟ್ಟು 180×270 ಮಿಲಿಮೀಟರಿನ ಚಿತ್ರ ಮುದ್ರಿಸಲು ಇಂಚಿಗೆ 300 ಪಿಕ್ಸೆಲ್‌ಗಳ ಲೆಕ್ಕದಲ್ಲಿ 2126×3189 ಪಿಕ್ಸೆಲ್‌ಗಳು ಬೇಕು; ಈಗಿನ ಯಾವ ಮೊಬೈಲಿನ ಕ್ಯಾಮೆರಾಗಾದರೂ ಇದು ಕಷ್ಟವಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ದಾರಿಯಲ್ಲಿಯೇ ಕುಗ್ಗಿರುತ್ತದೆ. ನೆಂಟರಿಂದ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿರೆಂದು ಹೇಳಬೇಕು.

ಪರದೆಯ ಬೆಳಕು ಹೆಚ್ಚಾಗಿರುವುದು ಕಪ್ಪಗೆ ಬರುವ ಮುದ್ರಣಕ್ಕೆ ಎರಡನೆಯ ದೊಡ್ಡ ಕಾರಣ. ಅಳೆಯುವ ಸಾಧನವಿದ್ದವರು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸುತ್ತಾರೆ. ಇಲ್ಲದವರು ಮುದ್ರಣವನ್ನು ನೋಡುವ ಕೋಣೆಯ ಬೆಳಕಿನಲ್ಲಿಯೇ ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಮೇಲಿನ ಖಾಲಿ ಬಿಳಿ ಪುಟ ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬೆಳಕನ್ನು ತಗ್ಗಿಸಿದರೆ ಸಾಕು. ಮೊದಲ ದಿನ ಪರದೆ ಮಂಕು ಬಡಿದಂತೆ ಕಾಣುತ್ತದೆ, ಎರಡನೆಯ ದಿನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ.

ತುಂಡು ಹಾಳೆಯ ಪರೀಕ್ಷೆ

ಫಿಲ್ಮಿನ ಕಾಲದಲ್ಲಿ ಕತ್ತಲೆಕೋಣೆಯಲ್ಲಿ ಮುದ್ರಿಸುತ್ತಿದ್ದವರು ಬೆಳಕು ತಗುಲಿದರೆ ಕಪ್ಪಾಗುವ ಬ್ರೋಮೈಡ್ ಕಾಗದದ ಪೂರ್ತಿ ಹಾಳೆಯನ್ನು ಎಂದೂ ಮೊದಲಿಗೇ ಬಳಸುತ್ತಿರಲಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಾಗದವಾಗಲಿ, ಹೊರದೇಶದ್ದಾಗಲಿ, ಒಂದು ಪಟ್ಟಿ ಕತ್ತರಿಸಿ, ಅದರ ಮೇಲೆ ರಟ್ಟನ್ನು ಹಂತಹಂತವಾಗಿ ಸರಿಸುತ್ತ ಇಲ್ಲಿ 5 ಸೆಕೆಂಡು, ಇಲ್ಲಿ 10, ಇಲ್ಲಿ 15 ಎಂದು ಬೆಳಕು ಕೊಟ್ಟು ನೋಡಿ, ಆಮೇಲೆಯೇ ಹಾಳೆಗೆ ಕೈಹಾಕುತ್ತಿದ್ದರು. ಇಂಕ್‌ಜೆಟ್‌ನಲ್ಲಿ ಈ ಪದ್ಧತಿಯನ್ನು ಏಕೆ ಬಿಟ್ಟೆವೋ ತಿಳಿಯದು. ಈಗಂತೂ ಅದು ಅಂದಿಗಿಂತ ಸುಲಭ.

ಮೊದಲು ಮಾಡಬೇಕಾದದ್ದು ಕಾಗದದ ಪರೀಕ್ಷೆ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ 105×148 ಮಿಲಿಮೀಟರಿನ ನಾಲ್ಕು ಎ6 ತುಂಡುಗಳು ಸಿಗುತ್ತವೆ. ತಂತ್ರಾಂಶದಲ್ಲಿ ಅದೇ ಗಾತ್ರದ ಖಾಲಿ ಪುಟ ತೆರೆದು ಸಣ್ಣ ಚೌಕಗಳನ್ನು ಎಳೆಯಿರಿ. 0 ಎಂದರೆ ಅಚ್ಚಗಪ್ಪು, 255 ಎಂದರೆ ಅಚ್ಚಬಿಳಿ ಎಂಬ ಅಳತೆಯಲ್ಲಿ ಒಂದು ಸಾಲಿಗೆ 0, 5, 10, 15, 20, 25, 30, 40 ಎಂದೂ, ಇನ್ನೊಂದು ಸಾಲಿಗೆ 255, 252, 250, 247, 244, 240 ಎಂದೂ, ಮೂರನೆಯ ಸಾಲಿಗೆ 60ರಿಂದ 220ರವರೆಗೆ 20ರ ಅಂತರದಲ್ಲಿಯೂ ಬಣ್ಣ ತುಂಬಿ. ಪ್ರತಿ ಚೌಕದ ಕೆಳಗೆ ಅದರ ಸಂಖ್ಯೆಯನ್ನು ಬರೆಯುವುದನ್ನು ಮರೆಯಬೇಡಿ. ಮುದ್ರಿಸಿ, ಅರ್ಧ ಗಂಟೆ ಒಣಗಲು ಬಿಟ್ಟು, ಬೆಳಕಿರುವ ಕಡೆ ಹಿಡಿದು ನೋಡಿ. ನನ್ನ ಮ್ಯಾಟ್ ಕಾಗದದಲ್ಲಿ 0, 5, 10, 15 ಈ ನಾಲ್ಕೂ ಚೌಕಗಳ ನಡುವೆ ಗೆರೆಯೇ ಇಲ್ಲದಂತೆ ಒಂದೇ ಕಪ್ಪಾಗಿ ಬಂದಿದ್ದವು. 20ನೆಯದು ಮಾತ್ರ ಕಣ್ಣು ಕಿರಿದಾಗಿಸಿದರೆ ಬೇರೆಯಾಗಿ ಕಾಣುತ್ತಿತ್ತು. ಅಂದರೆ ಚಿತ್ರದಲ್ಲಿ 20ಕ್ಕಿಂತ ಕೆಳಗಿರುವ ಯಾವ ವಿವರವೂ ಆ ಕಾಗದದ ಮೇಲೆ ಉಳಿಯುವುದಿಲ್ಲ. ಬಿಳಿಯ ತುದಿಯಲ್ಲಿ 250ರವರೆಗೆ ಕಾಗದಕ್ಕಿಂತ ಭಿನ್ನವಾಗಿ ಕಾಣುತ್ತಿತ್ತು, 252 ಕಾಣುತ್ತಿರಲಿಲ್ಲ.

ಈ ಎರಡು ಸಂಖ್ಯೆಗಳು ಸಿಕ್ಕಿದ ಮೇಲೆ ಚಿತ್ರದ ತಿದ್ದುಪಡಿ ಊಹೆಯಲ್ಲಿ ನಡೆಯುವುದಿಲ್ಲ. ತಂತ್ರಾಂಶದಲ್ಲಿ ಬಾಗಿಲಿನ ಕೆತ್ತನೆಯ ಮೇಲೆ ಮೌಸ್ ಇಟ್ಟು ಓದಿದಾಗ ಕೆತ್ತನೆಯ ಉಬ್ಬು 22, ತಗ್ಗು 9 ಎಂದು ತೋರಿಸುತ್ತಿತ್ತು. ತಗ್ಗು ಉಬ್ಬುಗಳೆರಡೂ ಒಂದಾಗಿ ಮುಚ್ಚಿಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಛಾಯೆಗಳನ್ನು ಒಂದು ಗೆರೆಯಿಂದ ಏರಿಸಿ ಇಳಿಸುವ ಕರ್ವ್ಸ್ ಉಪಕರಣದಲ್ಲಿ ನೆರಳಿನ ತುದಿಯನ್ನು ಮಾತ್ರ ಮೇಲೆತ್ತಿ ಉಬ್ಬು 44ಕ್ಕೂ ತಗ್ಗು 24ಕ್ಕೂ ಬರುವಂತೆ ಮಾಡಿದೆ. ಮುಖದ ಭಾಗ, ಅಂದರೆ 110ರಿಂದ 160ರವರೆಗಿನ ಛಾಯೆಗಳು, ಕದಲದಂತೆ ಅಲ್ಲೊಂದು ಬಿಂದುವನ್ನು ನೆಟ್ಟೆ. ಸೀರೆಯ ಅತಿ ಬೆಳಕಿನ ಮಡಿಕೆಯನ್ನು 246ಕ್ಕೆ ಇಳಿಸಿದೆ. ಮೆಟ್ಟುಗತ್ತಿಯ ಅಲಗಿನ ಮೇಲೆ ಮಿಂಚುವ ಒಂದು ಗೆರೆ ಮಾತ್ರ 255ರಲ್ಲಿಯೇ ಇರಲಿ ಎಂದು ಬಿಟ್ಟೆ, ಹಾಗೆಯೇ ಬಾಗಿಲಿನ ಬೀಗದ ಕಿಂಡಿ 0ಯಲ್ಲಿಯೇ ಇರಲೆಂದು ಬಿಟ್ಟೆ. ಎಲ್ಲವನ್ನೂ ಮೇಲೆತ್ತಿದರೆ ಚಿತ್ರ ಹೊಗೆ ಕವಿದಂತಾಗುತ್ತದೆ. ನಿಜವಾದ ಕಪ್ಪು ಎಲ್ಲಾದರೂ ಒಂದೆಡೆ ಸ್ವಲ್ಪ ಇದ್ದರೆ ಉಳಿದ ಬೂದುಬಣ್ಣಗಳೆಲ್ಲ ಅದರ ಆಸರೆಯಲ್ಲಿ ಬೆಳಗುತ್ತವೆ.

ಅದಾದ ಮೇಲೆ ಚಿತ್ರದ ಪರೀಕ್ಷೆ. ಇಡೀ ಚಿತ್ರವನ್ನು ಎ6ಗೆ ಕುಗ್ಗಿಸಿ ಮುದ್ರಿಸುವುದು ತಪ್ಪು, ಏಕೆಂದರೆ ಸಣ್ಣ ಗಾತ್ರದಲ್ಲಿ ಛಾಯೆಗಳು ಬೇರೆಯೇ ರೀತಿ ಕಾಣುತ್ತವೆ. ಮುದ್ರಿಸಬೇಕಾದ ಗಾತ್ರದಲ್ಲಿಯೇ, ಮುಖ, ಸೀರೆಯ ಅಂಚು, ಬಾಗಿಲು ಮೂರೂ ಬರುವಂಥ ಒಂದು ಪಟ್ಟಿಯನ್ನು ಕತ್ತರಿಸಿ, ಅದರ ಮೂರು ಪ್ರತಿಗಳನ್ನು, ಒಂದು ಇದ್ದಂತೆಯೇ, ಒಂದು ತುಸು ತಿಳಿಯಾಗಿ, ಒಂದು ಇನ್ನೂ ತಿಳಿಯಾಗಿ, ಒಂದೇ ತುಂಡಿನ ಮೇಲೆ ಪಕ್ಕಪಕ್ಕ ಇಡಬೇಕು. ಹೆಚ್ಚಿನ ಸಲ ನಡುವಿನದೇ ಗೆಲ್ಲುತ್ತದೆ ಎಂಬುದು ನನ್ನ ಅನುಭವ. ಕಣ್ಣಿಗೆ ತರಬೇತಿ ಬೇಕೆನ್ನಿಸಿದವರು ಮೈಸೂರಿನ ಟಿ. ಎಸ್. ಸತ್ಯನ್, ಸಂಡೂರಿನ ಎಂ. ವೈ. ಘೋರ್ಪಡೆ ಇಂಥವರ ಕಪ್ಪು-ಬಿಳುಪು ಚಿತ್ರಗಳ ಒಳ್ಳೆಯ ಮುದ್ರಣಗಳು ಎಲ್ಲಿಯಾದರೂ ಪ್ರದರ್ಶನಕ್ಕೆ ಬಂದಾಗ ಹತ್ತಿರ ನಿಂತು ನೋಡಬೇಕು. ಮೊಬೈಲಿನಲ್ಲಿ ನೋಡಿದ್ದು ಈ ಕೆಲಸಕ್ಕೆ ಬರುವುದಿಲ್ಲ.

ಡ್ರೈವರಿನಲ್ಲಿ ಆರಿಸಬೇಕಾದದ್ದು

ಪ್ರಿಂಟರಿನ ಡ್ರೈವರ್ ಕಿಟಕಿಯಲ್ಲಿ, ಅಂದರೆ ಮುದ್ರಿಸುವಾಗ ಕಂಪ್ಯೂಟರಿನಲ್ಲಿ ತೆರೆಯುವ ಆಯ್ಕೆಗಳ ಪುಟದಲ್ಲಿ, ಕಾಗದದ ಬಗೆಯನ್ನು ಸರಿಯಾಗಿ ಹೇಳುವುದೇ ಎಲ್ಲಕ್ಕಿಂತ ಮುಖ್ಯ. ಎಷ್ಟು ಶಾಯಿ ಹಾಕಬೇಕು, ಯಾವ ಕಪ್ಪನ್ನು ಬಳಸಬೇಕು ಎಂಬುದನ್ನು ಯಂತ್ರ ಅದರಿಂದಲೇ ತಿಳಿಯುತ್ತದೆ. ಸಾದಾ ಕಾಗದವೆಂದು ಬಿಟ್ಟು ಫೋಟೋ ಪೇಪರ್ ಹಾಕಿದರೆ ಮಂಕಾದ, ಗೆರೆಗೆರೆಯಾದ ಚಿತ್ರ ಬರುತ್ತದೆ. ಗುಣಮಟ್ಟವನ್ನು ಹೈ ಎಂಬಲ್ಲಿಗೆ ಇಟ್ಟು, ವೇಗದ ಎರಡೂ ದಿಕ್ಕಿನ ಮುದ್ರಣವನ್ನು ಆರಿಸುವ ಗುಂಡಿಯಿದ್ದರೆ ಅದನ್ನು ತೆಗೆದುಹಾಕಿ.

ಎಪ್ಸನ್ನಿನ ಮೇಲಿನ ಹಂತದ ಯಂತ್ರಗಳಲ್ಲಿ ಅಡ್ವಾನ್ಸ್‌ಡ್ ಬ್ಲ್ಯಾಕ್ ಆ್ಯಂಡ್ ವೈಟ್ ಫೋಟೋ ಎಂಬ ವಿಧಾನವಿದೆ. ಕ್ಯಾನನ್ ಪ್ರೊ ಮಾದರಿಗಳಲ್ಲಿಯೂ ಅಂಥದ್ದೇ ಆಯ್ಕೆಯುಂಟು. ಇದ್ದವರು ಅದನ್ನೇ ಬಳಸಬೇಕು, ಮತ್ತು ಆಗ ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಬಣ್ಣದ ನಿರ್ವಹಣೆಯನ್ನು ಪ್ರಿಂಟರಿಗೇ ಬಿಟ್ಟುಕೊಡಬೇಕು. ಇಲ್ಲದವರ ಮುಂದೆ ಎರಡು ದಾರಿಗಳಿವೆ. ಗ್ರೇಸ್ಕೇಲ್ (ಬರೀ ಬೂದುಛಾಯೆ) ಎಂಬ ಗುರುತನ್ನು ಒತ್ತಿ ಮುದ್ರಿಸುವುದು ಒಂದು. ಕಾಗದ ತಯಾರಕರು ನಿಮ್ಮ ಪ್ರಿಂಟರಿಗಾಗಿ ಕೊಟ್ಟಿರುವ ಐಸಿಸಿ ಪ್ರೊಫೈಲ್, ಅಂದರೆ ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ತಿಳಿಸುವ ಕಡತ, ಇದ್ದರೆ ಅದನ್ನು ತಂತ್ರಾಂಶದಲ್ಲಿ ಆರಿಸಿ, ಡ್ರೈವರಿನಲ್ಲಿ ಬಣ್ಣದ ತಿದ್ದುಪಡಿಯನ್ನು ಪೂರ್ತಿ ನಿಲ್ಲಿಸಿ, ಬಣ್ಣದ ಚಿತ್ರವೆಂಬಂತೆಯೇ ಮುದ್ರಿಸುವುದು ಇನ್ನೊಂದು. ಎರಡೂ ಕಡೆ ತಿದ್ದುಪಡಿ ಚಾಲ್ತಿಯಲ್ಲಿದ್ದರೆ ಒಂದೇ ಸಾರಿಗೆ ಇಬ್ಬರು ಉಪ್ಪು ಹಾಕಿದಂತಾಗುತ್ತದೆ. ಮುದ್ರಣ ಕಪ್ಪಾಗಿ ನೇರಳೆಗೆ ತಿರುಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎರಡು ದಾರಿಗಳಲ್ಲಿಯೂ ಒಂದೊಂದು ಎ6 ತುಂಡು ಮುದ್ರಿಸಿ, ಎರಡನ್ನೂ ರಾತ್ರಿ ದೀಪದಡಿಯಲ್ಲಿಯೂ ಹಗಲು ಕಿಟಕಿಯ ಬಳಿಯಲ್ಲಿಯೂ ನೋಡಿ ತೀರ್ಮಾನಿಸಿ.

ಯಾವ ದಾರಿಯಲ್ಲಿಯೂ ಬೂದುಬಣ್ಣ ಶುದ್ಧವಾಗಿ ಬರದಿದ್ದರೆ ಹಟ ಹಿಡಿಯುವುದಕ್ಕಿಂತ ಚಿತ್ರಕ್ಕೆ ನೀವೇ ತುಸು ಬೆಚ್ಚನೆಯ ಕಂದುಛಾಯೆಯನ್ನು ಕೊಟ್ಟುಬಿಡುವುದು ಒಳ್ಳೆಯದು. ನಡುವಿನ ಬೂದುಬಣ್ಣ ಕೆಂಪು 128, ಹಸಿರು 128, ನೀಲಿ 128 ಎಂದಿರುವಲ್ಲಿ ಅದನ್ನು 134, 128, 120 ಎಂದು ಬದಲಿಸಿದರೆ ಸಾಕು. ಹಸಿರು, ನೇರಳೆಗಳ ಸಣ್ಣ ಏರುಪೇರನ್ನು ಈ ಕಂದು ನುಂಗಿಕೊಳ್ಳುತ್ತದೆ, ನೋಡುವವರಿಗೂ ಅದು ಬೇಕೆಂದೇ ಮಾಡಿದ್ದೆಂದು ತೋರುತ್ತದೆ. ನಾಲ್ಕು ಶಾಯಿಯ ಯಂತ್ರದಲ್ಲಿ ನಾನು ಹಲವು ವರ್ಷ ಹೀಗೆಯೇ ಮುದ್ರಿಸಿದ್ದೇನೆ.

ಮುದ್ರಿಸುವಾಗ

ಮೊದಲು ನಾಝಲ್ ಚೆಕ್, ಅಂದರೆ ಶಾಯಿ ಚಿಮ್ಮುವ ತೂತುಗಳ ಪರೀಕ್ಷೆ, ಮಾಡಿ. ಬಣ್ಣದ ಚಿತ್ರದಲ್ಲಿ ಒಂದು ತೂತು ಕಟ್ಟಿದ್ದರೆ ಗೊತ್ತಾಗದೆ ಹೋಗಬಹುದು, ಕಪ್ಪು-ಬಿಳುಪಿನಲ್ಲಿ ಅದು ಮುಖದ ಮೇಲೆ ಅಡ್ಡಗೆರೆಯಾಗಿ ಬರುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಗೆರೆ ತಪ್ಪಿದ್ದರೆ ಒಂದೆರಡು ಸಲ ಹೆಡ್ ಕ್ಲೀನಿಂಗ್, ಅಂದರೆ ಆ ತೂತುಗಳಿರುವ ಭಾಗದ ಶುಚಿ, ಮಾಡಿ. ಆಗಲೂ ಸರಿಹೋಗದಿದ್ದರೆ ಮೇಲಿಂದ ಮೇಲೆ ಮಾಡುವ ಬದಲು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ, ಶಾಯಿ ಎಷ್ಟೋ ಸಲ ತಾನೇ ಮೆತ್ತಗಾಗಿರುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಸಣ್ಣ ಪುಟವೊಂದನ್ನು ಮುದ್ರಿಸುತ್ತಿದ್ದರೆ ಈ ತೊಂದರೆ ಬರುವುದೇ ಕಡಿಮೆ. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿ, ಆಮೇಲೆ ಗೋಡೆಯ ಸ್ವಿಚ್ ಆರಿಸಬೇಕು. ಗುಂಡಿ ಒತ್ತಿದಾಗ ಹೆಡ್ ತನ್ನ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ; ಮುದ್ರಿಸುತ್ತಿರುವಾಗ ಕರೆಂಟು ಹೋದರೆ ಹೆಡ್ ಬಯಲಿನಲ್ಲಿ ಉಳಿದು ಒಣಗುತ್ತದೆ. ನಮ್ಮ ಕಡೆಯ ಕರೆಂಟನ್ನು ಬಲ್ಲವರು ಸಣ್ಣ ಯುಪಿಎಸ್ ಒಂದನ್ನು ಇಟ್ಟುಕೊಳ್ಳುವುದು ಲೇಸು.

ಲೇಪನವಿರುವ ಬದಿ ಯಾವುದೆಂದು ಮ್ಯಾಟ್ ಕಾಗದದಲ್ಲಿ ಕಣ್ಣಿಗೆ ತಿಳಿಯುವುದಿಲ್ಲ. ಬೆರಳನ್ನು ತುಸು ಒದ್ದೆ ಮಾಡಿ ಹಾಳೆಯ ಮೂಲೆಗೆ ಒತ್ತಿದರೆ ಲೇಪನದ ಬದಿ ಸ್ವಲ್ಪ ಅಂಟುತ್ತದೆ. ಇದನ್ನು ಮಾಡದೆ ಒಮ್ಮೆ ಹಿಮ್ಮಗ್ಗುಲಿಗೆ ಮುದ್ರಿಸಿ, ಬಾಗಿಲೆಲ್ಲ ಸೀರೆಯ ಮೇಲೆ ಹರಿದುಹೋದ ಹಾಳೆ ಈಗಲೂ ನನ್ನ ಬಳಿ ಇದೆ.

ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಅಂಚುಗಳು ಹಪ್ಪಳದಂತೆ ಮೇಲೇಳುತ್ತವೆ. ಎದ್ದ ಅಂಚಿಗೆ ಹೆಡ್ ತಗುಲಿ ಬಿಳಿ ಭಾಗದ ಮೇಲೆ ಮಸಿಯ ಗೀರು ಬೀಳುತ್ತದೆ. ಜುಲೈ ತಿಂಗಳಲ್ಲಿ ಹೀಗೆ ಮೂರು ಹಾಳೆ ಕಳೆದುಕೊಂಡ ಮೇಲೆ ನಾನು ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮುದ್ರಿಸುವ ಹೊತ್ತಿಗೆ ಒಂದೊಂದೇ ಹಾಳೆ ತೆಗೆಯುತ್ತೇನೆ. ಮುದುರಿದ ಹಾಳೆಯನ್ನು ದಪ್ಪ ಪುಸ್ತಕಗಳ ನಡುವೆ ಒಂದು ರಾತ್ರಿ ಇಟ್ಟರೆ ನೇರವಾಗುತ್ತದೆ.

ಹೊರಬಂದ ಹಾಳೆಯನ್ನು ಅಂಚಿನಲ್ಲಿ ಹಿಡಿದು ಮಟ್ಟಸವಾದ ಜಾಗದಲ್ಲಿ ಒಣಗಲು ಬಿಡಿ. ಕೈಗೆ ಒಣಗಿದಂತೆ ಅನ್ನಿಸಿದರೂ ಶಾಯಿಯೊಳಗಿನ ದ್ರವ ಆರುವುದಕ್ಕೆ ಹೊತ್ತು ಹಿಡಿಯುತ್ತದೆ. ಕನಿಷ್ಠ 24 ಗಂಟೆ ಕಳೆಯುವ ಮೊದಲು ಗಾಜಿನ ಹಿಂದೆ ಹಾಕಿದರೆ ಗಾಜಿನ ಒಳಮೈ ಮಂಜು ಹಿಡಿದಂತಾಗುತ್ತದೆ. ಚಿತ್ರ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಮೌಂಟ್ ಇಡಲು ಚೌಕಟ್ಟು ಕಟ್ಟುವವರಿಗೆ ಹೇಳಿ, ಇಲ್ಲವಾದರೆ ಮಳೆಗಾಲದಲ್ಲಿ ಅದು ಗಾಜಿಗೇ ಅಂಟಿಕೊಳ್ಳುತ್ತದೆ. ಡೈ ಶಾಯಿಯ ಚಿತ್ರವನ್ನು ಬಿಸಿಲು ಬೀಳುವ ಗೋಡೆಯ ಮೇಲೆ ಹಾಕಬಾರದು, ಗಾಜಿಲ್ಲದೆ ಗಾಳಿಗೂ ಬಿಡಬಾರದು. ಬಿಸಿಲಿನಿಂದ ಮಾತ್ರವಲ್ಲ, ಗಾಳಿಯಲ್ಲಿರುವ ಓಝೋನಿನಿಂದಲೂ ಅದು ಮಾಸುತ್ತದೆ.

ಚೌಕಟ್ಟಿಗೆ ಹೋಗುವ ಮೊದಲು ಹಾಳೆಯ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ದಿನಾಂಕ, ಕಾಗದ, ಡ್ರೈವರಿನಲ್ಲಿ ಆರಿಸಿದ ಬಗೆ, ಮಿಶ್ರಣದ ಸಂಖ್ಯೆಗಳು ಇಷ್ಟನ್ನು ಬರೆದಿಡಿ. ಅತ್ತೆಯ ಚಿತ್ರದ ಹಿಂದೆ "ಮ್ಯಾಟ್, ಹೈ, ಗ್ರೇಸ್ಕೇಲ್ ಇಲ್ಲ, 35-55-10, ತಗ್ಗು 24, ಮಡಿಕೆ 246, ನಡುವಿನ ಪಟ್ಟಿ" ಎಂದು ಬರೆದಿದೆ. ಮಗಳ ಮನೆಗೆಂದು ಅತ್ತೆ ಇನ್ನೊಂದು ಪ್ರತಿ ಕೇಳಿದಾಗ ಅದನ್ನು ನೋಡಿಕೊಂಡು ಒಂದೇ ಹಾಳೆಯಲ್ಲಿ ಮುದ್ರಿಸಿದೆ. ಕುಂಕುಮ ಅದೇ ಜಾಗದಲ್ಲಿ, ಅಷ್ಟೇ ಕಪ್ಪಾಗಿ ಬಂತು.